ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಪಾಪ, ಅವರ್ಯಾರೂ ಅಮೆರಿಕದಲ್ಲಿ ಅಡುಗೆಮನೆ ರೀಮಾಡೆಲ್ ಮಾಡಿಸಿದವರಲ್ಲ. ಮಾಡಿಸಿದ್ದರೆ ಗಾದೆಗೆ ಮೂರನೆಯ ಸಾಲೊಂದು ಖಂಡಿತ ಸೇರುತ್ತಿತ್ತು.

ವಾಷಿಂಗ್ಟನ್ ಡಿ.ಸಿ. ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿರುವ ನಮ್ಮ ಮನೆ 1988ರಲ್ಲಿ ಕಟ್ಟಿದ್ದು. ಅಡುಗೆಮನೆಯೂ ಅದೇ ಕಾಲದ್ದು. ಜೇನುಬಣ್ಣದ ಓಕ್ ಕ್ಯಾಬಿನೆಟ್, ಬಿಳಿ ಲ್ಯಾಮಿನೇಟ್ ಕೌಂಟರ್, ಅದರ ಮೇಲೆ ನಾವು ಬಂದಾಗಿನಿಂದ ಬಿದ್ದ ಅರಿಶಿನದ ಕಲೆಗಳ ಇತಿಹಾಸ. "ಮಕ್ಕಳ ಕಾಲೇಜು ಮುಗಿಯಲಿ" ಎಂದು ಮುಂದೂಡುತ್ತಾ ಬಂದೆವು. ಕಾಲೇಜೂ ಮುಗಿಯಿತು, ಮಕ್ಕಳೂ ಹೊರಟುಹೋದರು. ಇನ್ನು ಇಬ್ಬರಿಗೆ ಯಾಕೆ ಹೊಸ ಅಡುಗೆಮನೆ ಎನ್ನುವಷ್ಟರಲ್ಲಿ ಅತ್ತೆ ಬಂದರು.

ಮಾವನವರು ತೀರಿಕೊಂಡ ಮೇಲೆ ಅತ್ತೆ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದರು. ಎತ್ತರ ನಾಲ್ಕು ಅಡಿ ಹತ್ತು ಇಂಚು, ವಯಸ್ಸು ಎಪ್ಪತ್ತಾರು, ಕೈರುಚಿಗೆ ಊರಲ್ಲೆಲ್ಲ ಹೆಸರು. ಬಂದ ಮೊದಲ ವಾರವೇ ಸಾರಿಗೆ ಇಂಗು-ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಸ್ಮೋಕ್ ಅಲಾರಂ ಕೂಗಿಕೊಂಡಿತು. ನಮ್ಮ ಯಜಮಾನರು ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಎಲ್ಲರೂ ನಕ್ಕೆವು, ಅತ್ತೆಯೂ ನಕ್ಕರು. ಎರಡನೆಯ ಸಲ ನಗಲಿಲ್ಲ. ಕೌಂಟರ್ ಅವರ ಮೊಣಕೈ ಮಟ್ಟಕ್ಕೆ ಬರುತ್ತಿತ್ತು. ತರಕಾರಿ ಹೆಚ್ಚಿದರೆ ಭುಜ ನೋವು, ಮೇಲಿನ ಕಪಾಟು ಕೈಗೆ ಎಟಕದು, ಕೆಳಗಿನದಕ್ಕೆ ಬಗ್ಗಿದರೆ ಮಂಡಿ ಕೇಳದು. "ನನ್ನಿಂದ ನಿಮಗೇಕೆ ತೊಂದರೆ, ನೀನೇ ಮಾಡಮ್ಮ" ಎಂದು ಫ್ಯಾಮಿಲಿ ರೂಮಿನ ಸೋಫಾ ಹಿಡಿದರು. ಅರವತ್ತು ವರ್ಷ ಮೂರು ಹೊತ್ತು ಬೇಯಿಸಿದವರು ಟಿ.ವಿ. ಮುಂದೆ ಸುಮ್ಮನೆ ಕೂತಿರುವುದನ್ನು ನೋಡಲು ನನ್ನಿಂದಾಗಲಿಲ್ಲ. "ಇನ್ನು ತಡ ಬೇಡ" ಎಂದೆ.

ಬಿಳಿ ಬಿಟ್ಟರೆ ಬಣ್ಣವಿಲ್ಲವೆ?

ಮೊದಲು ಬಂದ ಡಿಸೈನರ್ ಹುಡುಗಿ ಕಂಪ್ಯೂಟರಿನಲ್ಲಿ ಅಚ್ಚ ಬಿಳಿಯ ಅಡುಗೆಮನೆ ತೋರಿಸಿದಳು. ಬಿಳಿ ಕ್ಯಾಬಿನೆಟ್, ಬಿಳಿ ಕೌಂಟರ್, ಬಿಳಿ ಟೈಲ್. "ಮನೆ ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ" ಎಂದಳು. ನಮ್ಮ ಯಜಮಾನರ ಮುಖ ಅರಳಿತು. ನನಗೆ ಕಂಡದ್ದು ಅಡುಗೆಮನೆಯಲ್ಲ, ಆಸ್ಪತ್ರೆ. ನನ್ನ ಮುಖ ನೋಡಿ ಆಕೆ ಎರಡನೆಯ ಚಿತ್ರ ತೆಗೆದಳು. ಅದು ಟೂ-ಟೋನ್: ಕೆಳಗಿನ ಕ್ಯಾಬಿನೆಟ್ ಗಾಢ ಬಣ್ಣ, ಮೇಲಿನದು ತಿಳಿ ಬಣ್ಣ. "ಇದು ಈಗಿನ ಟ್ರೆಂಡ್!"

ಸೋಫಾದಿಂದ ಇಣುಕಿದ ಅತ್ತೆ, "ಇದರಲ್ಲಿ ಹೊಸದೇನು ಬಂತು? ನಮ್ಮೂರ ಅಡುಗೆಮನೆ ಗೋಡೆ ಹೀಗೇ ಇತ್ತಲ್ಲ! ಸೊಂಟದವರೆಗೆ ಕೆಮ್ಮಣ್ಣು, ಅದರ ಮೇಲೆ ಸುಣ್ಣ. ಕೈ ಕಾಲು ತಾಗುವ ಕಡೆ ಕೊಳೆ ಕಾಣಬಾರದು, ಮೇಲೆ ಬೆಳಕು ಬೇಕು. ಅಷ್ಟೇ ಕಣೇ" ಎಂದರು. ಒಂದು ವಾರದಿಂದ ನಾನು ಓದುತ್ತಿದ್ದ ಪತ್ರಿಕೆಗಳೆಲ್ಲ ಸೇರಿ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಯೋಚಿಸಿ ನೋಡಿ. ಇಲ್ಲಿನ ಕೆಳಗಿನ ಕ್ಯಾಬಿನೆಟ್ಟಿನ ಆಳ 24 ಇಂಚು, ಮೇಲಿನದು 12. ಪಾತ್ರೆ, ಕುಕ್ಕರ್, ಅಕ್ಕಿ ಚೀಲ, ಒದ್ದೆ ಕೈ, ಒರೆಸುವ ಸೆರಗು ಎಲ್ಲ ತಾಗುವುದು ಕೆಳಗೆ. ಅಲ್ಲಿ ಗಾಢ ಬಣ್ಣ ಬೇಕು. ಮೇಲಿನದು ಕಣ್ಣಿನ ಮಟ್ಟಕ್ಕಿರುತ್ತದೆ, ಅಲ್ಲಿ ತಿಳಿ ಬಣ್ಣವಿದ್ದರೆ ಚಿಕ್ಕ ಕೋಣೆಯೂ ದೊಡ್ಡದಾಗಿ ಕಾಣುತ್ತದೆ.

ಅಟ್ಲಾಂಟಾದ ಹಿಟ್ಟು, ಕೆರೊಲಿನಾದ ಬಿರುಕು

ನನ್ನ ತಂಗಿ ಇರುವುದು ಅಟ್ಲಾಂಟಾ ಬಳಿಯ ಆಲ್ಫರೆಟ್ಟಾದಲ್ಲಿ. ಅವಳು ಆಗಲೇ ಕೆಳಗೆ ಕಡುನೀಲಿ, ಮೇಲೆ ಬಿಳಿ ಮಾಡಿಸಿಕೊಂಡಿದ್ದಳು. ಫೋನ್ ಮಾಡಿದೆ. "ಅಕ್ಕಾ, ನೋಡೋಕೆ ಚೆನ್ನ. ಆದರೆ ಅಕ್ಕಿರೊಟ್ಟಿ ತಟ್ಟಿದ ದಿನ ನೀಲಿ ಬಾಗಿಲ ಮೇಲೆ ಬೆರಳಿನ ರಂಗೋಲಿ! ತೀರಾ ಗಾಢ ಬೇಡ, ಮರದ ಗೆರೆ ಕಾಣುವ ಕಂದು ತಗೋ" ಎಂದಳು. ಅರಿಶಿನ ಕಾಣುವುದು ಬಿಳಿಯ ಮೇಲೆ, ಹಿಟ್ಟು ಕಾಣುವುದು ಕಪ್ಪಿನ ಮೇಲೆ. ನಮ್ಮ ಅಡುಗೆಗೆ ಎರಡೂ ಬೇಕು!

ನಾರ್ತ್ ಕೆರೊಲಿನಾದಲ್ಲಿ, ಮರದ ಪೀಠೋಪಕರಣಕ್ಕೆ ಹೆಸರಾದ ಹೈ ಪಾಯಿಂಟ್ ಊರಿನ ಪಕ್ಕದ ಗ್ರೀನ್ಸ್‌ಬರೋದಲ್ಲಿರುವ ಗೆಳತಿ ಇನ್ನೊಂದು ಮಾತು ಹೇಳಿದಳು. ಗಟ್ಟಿ ಮರ ಬೇಸಿಗೆಯ ಸೆಕೆಗೆ ಹಿಗ್ಗುತ್ತದೆ, ಚಳಿಗಾಲದ ಹೀಟರಿಗೆ ಕುಗ್ಗುತ್ತದೆ. ಬಣ್ಣ ಬಳಿದ ಚೌಕಟ್ಟಿನ ಬಾಗಿಲಾದರೆ ಮೂಲೆಯ ಕೂಡುಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಮರದ ಗೆರೆ ಉಳಿಸುವ ಸ್ಟೇನ್ ಹಚ್ಚಿದರೆ ಅದು ಅಷ್ಟಾಗಿ ಎದ್ದು ಕಾಣುವುದಿಲ್ಲ. ಸರಿ, ಕೆಳಗೆ ವಾಲ್‌ನಟ್ ಬಣ್ಣದ ಸ್ಟೇನ್, ಮೇಲೆ ದಂತದ ಬಣ್ಣದ ಪೇಂಟ್ ಎಂದಾಯಿತು.

ಅರಿಶಿನದ ಪರೀಕ್ಷೆ

ಬಣ್ಣ ಹೊಂದಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಕೌಂಟರಿನ ಕಲ್ಲು, ಆಮೇಲೆ ಕ್ಯಾಬಿನೆಟ್, ಆಮೇಲೆ ಗೋಡೆಯ ಟೈಲ್, ಗೋಡೆಯ ಬಣ್ಣ ಕೊನೆಗೆ. ಪೇಂಟನ್ನು ಎಷ್ಟು ಬಗೆಯಲ್ಲಾದರೂ ಬೆರೆಸಿಕೊಡುತ್ತಾರೆ, ಕಲ್ಲನ್ನು ಬೆರೆಸಿಕೊಡುವವರಿಲ್ಲ.

ನನಗೆ ಅಮೃತಶಿಲೆಯ ಮೇಲೆ ಆಸೆ. ಲಿಂಕನ್ ಮೆಮೋರಿಯಲ್‌ನಲ್ಲಿ ಲಿಂಕನ್ ಪ್ರತಿಮೆ ಜಾರ್ಜಿಯಾದ ಬಿಳಿ ಅಮೃತಶಿಲೆಯದೇ. ಆದರೆ ಲಿಂಕನ್ ಹುಣಿಸೆಹಣ್ಣು ಕಿವುಚುವುದಿಲ್ಲ. ಹುಳಿ ಬಿದ್ದರೆ ಅಮೃತಶಿಲೆಯ ಹೊಳಪು ಕೆಡುತ್ತದೆ, ಆ ಕಲೆ ಒರೆಸಿದರೆ ಹೋಗುವಂಥದ್ದಲ್ಲ. ಕ್ವಾರ್ಟ್ಜ್ ಹಲಗೆ ಗಟ್ಟಿ, ಆದರೆ ಕಲ್ಲಿನ ಪುಡಿಯನ್ನು ರೆಸಿನ್ ಅಂಟಿನಲ್ಲಿ ಬಂಧಿಸಿದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಡುವ ಹಾಗಿಲ್ಲ. ಅತ್ತೆಯ ಕೈಗೆ ಆ ಶಿಸ್ತು ಈ ವಯಸ್ಸಿನಲ್ಲಿ ಬರುವುದುಂಟೆ? ಕೊನೆಗೆ ಗ್ರಾನೈಟ್ ಎಂದು ತೀರ್ಮಾನಿಸಿ ಕಲ್ಲಿನ ಅಂಗಡಿಗೆ ಹೋದೆವು. ಬೂದುಗಪ್ಪಿನ ಒಂದು ಹಲಗೆಯನ್ನು ಅತ್ತೆ ಸವರಿ, "ಒರಳುಕಲ್ಲಿನ ಬಣ್ಣ" ಎಂದರು. ಚೀಟಿ ನೋಡಿದರೆ "ಇಂಡಿಯಾ". ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟುಗಳು ಸಮುದ್ರ ದಾಟುತ್ತವೆಂದು ಕೇಳಿದ್ದೆ. ಇದು ಯಾವ ಊರಿನದೋ, ಅಂತೂ ನಮ್ಮ ಕಡೆಯಿಂದಲೇ ಬಂದ ನೆಂಟ.

ಕ್ಯಾಬಿನೆಟ್ ಬಾಗಿಲಿನ ಮಾದರಿಗಳನ್ನು ಮನೆಗೆ ತಂದು ಎಣ್ಣೆಯಲ್ಲಿ ಕಲೆಸಿದ ಅರಿಶಿನ ಹಚ್ಚಿ ಒಂದು ರಾತ್ರಿ ಬಿಟ್ಟೆ. ಸೋಪುನೀರಿನಲ್ಲಿ ಒರೆಸಿದರೆ ದಂತದ ಬಣ್ಣದ ಮೇಲೆ ತೆಳು ಹಳದಿ ಉಳಿಯಿತು. ಬಿಸಿಲಿನ ಕಿಟಕಿಯಲ್ಲಿಟ್ಟೆ, ನಾಲ್ಕು ದಿನದಲ್ಲಿ ಹೆಚ್ಚುಕಡಿಮೆ ಮಾಯ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ ಎಂಬುದು ಬಟ್ಟೆ ಒಗೆದ ನಮಗೆಲ್ಲ ಗೊತ್ತಿದ್ದದ್ದೇ. ನೀವೂ ಮಾದರಿ ತಂದರೆ ಬೆಳಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಉತ್ತರದ ಕಿಟಕಿಯ ಬೆಳಕು ಬಿಳಿಯನ್ನು ನೀಲಿಗೆ ಎಳೆಯುತ್ತದೆ, 2700 ಕೆಲ್ವಿನ್ ಬಲ್ಬು ಹಳದಿಗೆ ಎಳೆಯುತ್ತದೆ. ಅಂಗಡಿಯ ಬಣ್ಣವೇ ಬೇರೆ.

ಹಿಡಿಕೆ, ನಲ್ಲಿ, ದೀಪಗಳಿಗೆ ಎರಡಕ್ಕಿಂತ ಹೆಚ್ಚು ಲೋಹ ಬೇಡ, ಒಂದೊಂದೂ ಎರಡು ಕಡೆಯಾದರೂ ಕಾಣಿಸಲಿ ಎಂದಳು ಡಿಸೈನರ್. ಸಿಂಕು, ನಲ್ಲಿ ಸ್ಟೀಲು. ಹಿಡಿಕೆ, ದೀಪ ಹಿತ್ತಾಳೆ. ನಮ್ಮ ಪಾತ್ರೆಗಳ ಕಪಾಟಿನಲ್ಲಿ ಇವೆರಡೂ ಎಂದಿನಿಂದಲೋ ಒಟ್ಟಿಗೆ ಸಂಸಾರ ಮಾಡಿಕೊಂಡೇ ಬಂದಿವೆ.

ಒಗ್ಗರಣೆಗೊಂದು ದಾರಿ

ಬಣ್ಣಕ್ಕಿಂತ ಮುಖ್ಯವಾದದ್ದು ಹೊಗೆ. ಒಲೆಯ ಮೇಲಿನ ನಮ್ಮ ಮೈಕ್ರೋವೇವ್ ಫ್ಯಾನು ಹೊಗೆಯನ್ನು ಎಳೆದು, ಜಾಲರಿಯಲ್ಲಿ ಸೋಸಿ, ಮತ್ತೆ ನಮ್ಮ ಮುಖಕ್ಕೇ ಬಿಡುತ್ತಿತ್ತು. "ನಮ್ಮ ಅಸ್ತ್ರ ಒಲೆಯೇ ಇದಕ್ಕಿಂತ ವಾಸಿ" ಎಂದರು ಅತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ರೂಪಿಸಿದ ಸೌದೆ ಒಲೆ ಅದು. ಹೊಗೆ ಕೊಳವೆ ಹಿಡಿದು ಸೀದಾ ಮಾಡಿನ ಹೊರಗೆ ಹೋಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ: ಹೊರಗೋಡೆಗೆ ಡಕ್ಟ್ ಇರುವ ಹುಡ್. ಆದರೆ ಅದರ ಬಲ ನಿಮಿಷಕ್ಕೆ 400 ಘನ ಅಡಿ ಮೀರಿದರೆ, ಹೋದ ಗಾಳಿಗೆ ಬದಲು ಗಾಳಿ ಒಳಬರುವ ಏರ್ಪಾಡು ಬೇಕಾಗಬಹುದು. ಇಲ್ಲದಿದ್ದರೆ ಗ್ಯಾಸ್ ವಾಟರ್ ಹೀಟರಿನ ಹೊಗೆ ಮನೆಯೊಳಕ್ಕೆ ತಿರುಗುವ ಅಪಾಯವಿದೆ. ಕೌಂಟಿಯ ಪರ್ಮಿಟ್ ಆಫೀಸಿನಲ್ಲಿ ಮೊದಲೇ ಕೇಳಿ.

ಇನ್ನೆರಡು ಮಾತು. ಮನೆ 1978ಕ್ಕಿಂತ ಹಳೆಯದಾದರೆ ಗೋಡೆ ಕೆರೆಯುವ ಮೊದಲು ಸೀಸದ ಬಣ್ಣದ ಪರೀಕ್ಷೆ ಮಾಡಿಸಿ. ಕಾಂಟ್ರಾಕ್ಟರಿನ ಲೈಸೆನ್ಸ್ ನೋಡದೆ ಚೆಕ್ ಬರೆಯಬೇಡಿ. ಮೇರಿಲ್ಯಾಂಡಿನಲ್ಲಂತೂ ಒಟ್ಟು ಮೊತ್ತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಎಂಬ ಕಾನೂನೇ ಇದೆ.

ಮ್ಯೂಸಿಯಮ್ಮಿನಲ್ಲಿ ತೀರ್ಪು

ಉಳಿದಿದ್ದು ಎತ್ತರದ ಜಗಳ. ಇಲ್ಲಿ ಕೌಂಟರ್ ಎಂದರೆ 36 ಇಂಚು. ಒಂದು ತುದಿಯನ್ನು ಊಟದ ಮೇಜಿನಂತೆ 30 ಇಂಚಿಗೆ ಇಳಿಸಿ, ಕೆಳಗೆ ಕಾಲು ಚಾಚಲು ಜಾಗ ಬಿಟ್ಟರೆ ಅತ್ತೆ ಕುರ್ಚಿಯಲ್ಲಿ ಕೂತೇ ಹೆಚ್ಚಬಹುದು ಎಂದು ನನ್ನ ವಾದ. "ನಾಳೆ ಕೊಳ್ಳುವವರು ಇದೇನು ತಗ್ಗು ಎನ್ನುತ್ತಾರೆ" ಎಂದು ಇವರ ವಾದ. ಹದಿನೈದು ದಿನ ಎಳೆದಾಟ ನಡೆಯಿತು.

ಒಂದು ಭಾನುವಾರ ಅತ್ತೆಯನ್ನು ಸ್ಮಿತ್ಸೋನಿಯನ್‌ನ ಅಮೆರಿಕನ್ ಹಿಸ್ಟರಿ ಮ್ಯೂಸಿಯಮ್ಮಿಗೆ ಕರೆದೊಯ್ದೆವು. ಅಲ್ಲಿ ಟಿ.ವಿ.ಯ ಅಡುಗೆ ಕಾರ್ಯಕ್ರಮಗಳಿಂದ ಮನೆಮಾತಾದ ಜೂಲಿಯಾ ಚೈಲ್ಡ್ ಅವರ ಅಡುಗೆಮನೆಯೇ ಇದೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಅದನ್ನು ಆಕೆ 2001ರಲ್ಲಿ ಮ್ಯೂಸಿಯಮ್ಮಿಗೆ ಕೊಟ್ಟರು. ನೀಲಿ-ಹಸಿರು ಕ್ಯಾಬಿನೆಟ್, ಮೇಪಲ್ ಮರದ ಕೌಂಟರ್, ಗೋಡೆಗೆ ತೂಗುಹಾಕಿದ ಪಾತ್ರೆಗಳು, ಯಾವ ಪಾತ್ರೆ ಎಲ್ಲಿ ಎಂದು ಗೋಡೆಯ ಮೇಲೇ ಬರೆದ ಅದರ ಆಕಾರ. 1961ರಲ್ಲಿ ಇದನ್ನು ರೂಪಿಸಿದವರು ಆಕೆಯ ಗಂಡ ಪಾಲ್. ಜೂಲಿಯಾ ಆರು ಅಡಿ ಎರಡು ಇಂಚು. ಆಕೆ ಬಗ್ಗಬಾರದೆಂದು ಕೌಂಟರನ್ನು 38 ಇಂಚಿಗೆ ಏರಿಸಿದ್ದರು.

ನಾನು ಅದನ್ನು ಕನ್ನಡದಲ್ಲಿ ವಿವರಿಸಿದೆ. ಅತ್ತೆ ಗಾಜಿನಾಚೆ ಬಹಳ ಹೊತ್ತು ನೋಡಿ, "ಪುಣ್ಯಾತ್ಮ, ಹೆಂಡತಿಯ ಅಳತೆಗೆ ಮಾಡಿಸಿದ್ದಾನೆ. ಮಾರೋ ಯೋಚನೆ ಮಾಡಿದ್ದರೆ ಮ್ಯೂಸಿಯಮ್ಮಿನವರು ಇದನ್ನ ತರ್ತಿದ್ರೇ?" ಎಂದರು. ಮಗ ಮಾತಾಡಲಿಲ್ಲ. ಮನೆಗೆ ಬಂದವರೇ ಟೇಪು ಹುಡುಕಿದರು.

ಆ ಸಂಜೆ ಬೇಸ್‌ಮೆಂಟಿನ ನೆಲದ ಮೇಲೆ ನೀಲಿ ಟೇಪಿನಲ್ಲಿ ಇಡೀ ಅಡುಗೆಮನೆ ಎದ್ದಿತು. ಇಲ್ಲಿ ಒಲೆ, ಇಲ್ಲಿ ಸಿಂಕು, ನಡುವೆ ಇಬ್ಬರು ಓಡಾಡಲು 48 ಇಂಚು. ತುದಿಯಲ್ಲಿ ಇವರು ರಟ್ಟಿನ ಪೆಟ್ಟಿಗೆಗಳನ್ನು ಸರಿಯಾಗಿ 30 ಇಂಚಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, "ಅಮ್ಮ, ಕೂತು ನೋಡು" ಎಂದರು. ಅತ್ತೆ ಕೂತರು. ಮೊಣಕೈ ಆರಾಮವಾಗಿ ನಿಂತಿತು. ಹಲಗೆಯನ್ನು ಎರಡು ಸಲ ತಟ್ಟಿ ನನ್ನ ಕಡೆ ತಿರುಗಿದರು. "ಸರಿಹೋಯ್ತು. ಸುಮ್ಮನೆ ಯಾಕೆ ಕೂತಿರಲಿ, ಹುರುಳಿಕಾಯಿ ತಂದುಕೊಡೇ."

ಎಂಟು ತಿಂಗಳ ನಂತರ ನಮ್ಮ ಮನೆಯಲ್ಲಿ ಅತ್ತೆ ಹೆಚ್ಚಿದ ಪಲ್ಯ. ಹೆಚ್ಚಿದ್ದು ರಟ್ಟಿನ ಪೆಟ್ಟಿಗೆಯ ಮೇಲೆ ಅಷ್ಟೆ.

ದೀಪಾವಳಿ ಮುಗಿದ ಸೋಮವಾರ ಹಳೆಯ ಕ್ಯಾಬಿನೆಟ್ ಕೀಳುವ ಕೆಲಸ ಶುರು. ಅಲ್ಲಿಯವರೆಗೂ ಬೇಸ್‌ಮೆಂಟಿನ ಟೇಪು ಕೀಳಬಾರದೆಂದು ಅತ್ತೆಯ ಅಪ್ಪಣೆಯಾಗಿದೆ. ಯುಗಾದಿ ಹೋಳಿಗೆಗೆ ನೀವೆಲ್ಲ ಬರಬೇಕು. ಹೂರಣ ಅತ್ತೆಯದು, ಒಗ್ಗರಣೆಯೂ ಅವರದೇ. ಟವೆಲ್ ಬೀಸುವ ಕೆಲಸ ಮಾತ್ರ ಇನ್ನು ಯಾರಿಗೂ ಇರುವುದಿಲ್ಲ.