ಮುದಿ ಬೆಕ್ಕು ಬಡವಾಗುವುದೇಕೆ?

ನಮ್ಮ ಕಾಸರಗೋಡಿನ ಮನೆಗಳಲ್ಲಿ ಬೆಕ್ಕಿಗೆ ಹೆಸರುಗಳು ಹಲವು. ತುಳುವಿನಲ್ಲಿ ಅದು ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಪಾಠಪುಸ್ತಕದಲ್ಲಿ ಬೆಕ್ಕು ಅಥವಾ ಮಾರ್ಜಾಲ. ಹೆಸರು ಯಾವುದಾದರೂ ಅದರ ಕೆಲಸ ಒಂದೇ. ಅಟ್ಟದಲ್ಲಿರುವ ಅಕ್ಕಿ, ತೆಂಗಿನಕಾಯಿಗಳನ್ನು ಇಲಿಗಳಿಂದ ಕಾಯುವುದು. ಹೀಗೆ ಹತ್ತು ಹನ್ನೆರಡು ವರ್ಷ ದುಡಿದ ಬೆಕ್ಕು ಕ್ರಮೇಣ ಬಡವಾಗತೊಡಗುತ್ತದೆ. ಬೆನ್ನು ಸವರಿದರೆ ಎಲುಬು ಕೈಗೆ ತಗಲುತ್ತದೆ. ಹಿರಿಯರು ಅದನ್ನು ನೋಡಿ "ಅದಕ್ಕೆ ಪ್ರಾಯವಾಯಿತು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರ ಮಾಡೋಣ.

ಹತ್ತು ವರ್ಷ ದಾಟಿದ ಬೆಕ್ಕನ್ನು ಪಶುವೈದ್ಯರು ಮುದಿ ಬೆಕ್ಕೆಂದು ಪರಿಗಣಿಸುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಅದು 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಪ್ರಾಯವಾದಂತೆ ಜೀರ್ಣಶಕ್ತಿ ಸ್ವಲ್ಪ ಕುಂದುವುದುಂಟು. ಆದರೆ ಪ್ರಾಯವೇ ಒಂದು ರೋಗವಲ್ಲ. ಕಣ್ಣಿಗೆ ಕಾಣುವಷ್ಟು ಬಡವಾದ ಬೆಕ್ಕಿಗೆ ಸಾಮಾನ್ಯವಾಗಿ ಏನಾದರೊಂದು ಸೀಕು ಇದ್ದೇ ಇರುತ್ತದೆ. ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆಯೂ ಇದೆ. ಬೆಕ್ಕು ತನ್ನ ನೋವನ್ನು ಹೇಳಿಕೊಳ್ಳಲಾರದು; ಅಷ್ಟೇ ಅಲ್ಲ, ಅದನ್ನು ಮರೆಮಾಚುತ್ತದೆ. ಆದುದರಿಂದ ಕಂಡುಹಿಡಿಯುವ ಹೊಣೆ ನಮ್ಮದು.

ಮೊದಲು ಒಂದು ಸಣ್ಣ ಲೆಕ್ಕ. 4 ಕಿಲೋ ತೂಕದ ಬೆಕ್ಕು 400 ಗ್ರಾಂ ಕಳೆದುಕೊಂಡಿತೆನ್ನಿ. ನೋಡುವವರಿಗೆ ಇದು ಅಲ್ಪವೆನಿಸಬಹುದು. ಆದರೆ ಅದು ಬೆಕ್ಕಿನ ತೂಕದ ನೂರಕ್ಕೆ 10 ಭಾಗ. 50 ಕಿಲೋ ತೂಗುವ ಮನುಷ್ಯನು 5 ಕಿಲೋ ಇಳಿದುದಕ್ಕೆ ಇದು ಸಮ. ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ 5 ಕಿಲೋ ಇಳಿದರೆ ನಾವು ಸುಮ್ಮನಿರುತ್ತೇವೆಯೇ? ಬೆಕ್ಕಿನ ರೋಮ ದಟ್ಟವಾಗಿರುವುದರಿಂದ ಈ ಇಳಿತ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗಿಂತ ತಕ್ಕಡಿಯನ್ನೇ ನಂಬಬೇಕು. ಗಾಳಿಯಾಡುವ ಮುಚ್ಚಳವುಳ್ಳ ಬುಟ್ಟಿಯಲ್ಲಿ ಬೆಕ್ಕನ್ನು ಕುಳ್ಳಿರಿಸಿ ತೂಗಿರಿ. ಬಳಿಕ ಬರಿಯ ಬುಟ್ಟಿಯನ್ನು ತೂಗಿ ಕಳೆಯಿರಿ. ಹದಿನೈದು ದಿನಗಳಿಗೊಮ್ಮೆ ಹೀಗೆ ತೂಗಿ, ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಇದು ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಕೆಲಸ.

ಅದೇ ಪುಸ್ತಕದಲ್ಲಿ ಮೂರು ಪ್ರಶ್ನೆಗಳಿಗೂ ಉತ್ತರ ಬರೆಯಬೇಕು. ಬೆಕ್ಕು ಎಷ್ಟು ತಿನ್ನುತ್ತದೆ? ಎಷ್ಟು ನೀರು ಕುಡಿಯುತ್ತದೆ? ವಾಂತಿ, ಭೇದಿ ಇದೆಯೇ? ಈ ಉತ್ತರಗಳು ರೋಗದ ದಿಕ್ಕನ್ನು ತೋರಿಸುತ್ತವೆ.

ಬೆಕ್ಕು ತಟ್ಟೆಯ ಬಳಿಗೆ ಆಸೆಯಿಂದ ಬಂದು, ಒಂದು ತುತ್ತು ಬಾಯಿಗೆ ಹಾಕಿ, ತಲೆ ಓರೆಮಾಡಿ ಕೆಳಗೆ ಬೀಳಿಸಿದರೆ ಹಲ್ಲು ಅಥವಾ ವಸಡಿನ ನೋವಿರಬಹುದು. ಬಾಯಿಯ ದುರ್ವಾಸನೆಯೂ ಇದಕ್ಕೆ ಸೂಚನೆ. ಬೆಕ್ಕಿಗೆ 30 ಹಲ್ಲುಗಳು. ಮುದಿತನದಲ್ಲಿ ಅವು ಹುಳುಕಾದಂತೆ ಕರಗುವುದುಂಟು. ಅಂಥ ಹಲ್ಲನ್ನು ವೈದ್ಯರು ಕಿತ್ತ ಮೇಲೆ ಬೆಕ್ಕು ಮತ್ತೆ ಚೆನ್ನಾಗಿ ತಿನ್ನತೊಡಗುತ್ತದೆ.

ಹೆಚ್ಚು ನೀರು ಕುಡಿಯುತ್ತ, ಹೆಚ್ಚು ಮೂತ್ರ ಮಾಡುತ್ತ, ಆಹಾರ ಸೇರದೆ ಬಡವಾದರೆ ಮೂತ್ರಪಿಂಡದ ರೋಗವನ್ನು ಶಂಕಿಸಬೇಕು. ಮುದಿ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಬೆಕ್ಕಿನ ಮೂಲ ಆಫ್ರಿಕದ ಮತ್ತು ಪಶ್ಚಿಮ ಏಷ್ಯದ ಒಣ ಪ್ರದೇಶಗಳ ಕಾಡುಬೆಕ್ಕು. ಕಡಿಮೆ ನೀರಿನಲ್ಲಿ ಬದುಕುವಂತೆ ಅದರ ಮೂತ್ರಪಿಂಡ ರಚಿತವಾಗಿದೆ. ಆದುದರಿಂದ ಮುದಿ ಬೆಕ್ಕು ನೀರಿನ ಪಾತ್ರೆಯನ್ನು ಪದೇ ಪದೇ ಹುಡುಕಿಕೊಂಡು ಹೋಗುವುದನ್ನು ಲಘುವಾಗಿ ಕಾಣಬಾರದು. ಮೂತ್ರಪಿಂಡದ ಮೂರರಲ್ಲಿ ಎರಡು ಭಾಗದಷ್ಟು ಶಕ್ತಿ ನಷ್ಟವಾಗುವ ತನಕ ಹೊರಗೆ ಏನೂ ಕಾಣಿಸದೇ ಇರಬಹುದು.

ಇನ್ನು ಕೆಲವು ಬೆಕ್ಕುಗಳು ಮೊದಲಿಗಿಂತ ಹೆಚ್ಚು ತಿಂದರೂ ಬಡವಾಗುತ್ತವೆ. "ಚೆನ್ನಾಗಿ ತಿನ್ನುತ್ತದಲ್ಲ" ಎಂದು ಮನೆಯವರು ಸಮಾಧಾನಪಡುವುದು ಇಲ್ಲಿಯೇ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹೀಗಾಗುತ್ತದೆ. ಬೆಕ್ಕು ಚಡಪಡಿಸುತ್ತದೆ, ರಾತ್ರಿ ಕೂಗುತ್ತದೆ, ಎದೆಬಡಿತ ಹೆಚ್ಚುತ್ತದೆ. ಬೆಕ್ಕುಗಳ ಈ ರೋಗವನ್ನು 1979ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ವಿವರಿಸಲಾಯಿತು. ಇಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು; ಮಾತ್ರೆಗಳಿಂದ ಹತೋಟಿಯಲ್ಲಿಡಬಹುದು. ಸಕ್ಕರೆ ಕಾಯಿಲೆ ಮತ್ತು ಜಂತುಹುಳದ ಬಾಧೆಯಲ್ಲಿಯೂ ತಿಂದದ್ದು ಮೈಗೆ ಹತ್ತುವುದಿಲ್ಲ. ವಾಂತಿ, ಭೇದಿ ಬಹುದಿನ ಮುಂದುವರಿದರೆ ಕರುಳಿನ ರೋಗ ಅಥವಾ ಗಡ್ಡೆಯೂ ಕಾರಣವಿರಬಹುದು.

ರೋಗವಲ್ಲದ ಇನ್ನೊಂದು ಕಾರಣ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಮೀನು ಮಾಂಸ ತಾರದ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮಜ್ಜಿಗೆ ಅನ್ನವೇ ಆಹಾರ. ಇಷ್ಟು ವರ್ಷ ಅದು ಆರೋಗ್ಯವಾಗಿದ್ದುದು ಅನ್ನದ ಬಲದಿಂದ ಮಾತ್ರವಲ್ಲ. ತಾನೇ ಹಿಡಿದ ಇಲಿ, ಓತಿಕೇತಗಳ ಬಲದಿಂದ. ಮುದಿಯಾಗಿ ಗಂಟುನೋವು ಬಂದು ಬೇಟೆ ನಿಂತಾಗ ಉಳಿಯುವುದು ಬರಿಯ ಅನ್ನ. ಬೆಕ್ಕು ಮಾಂಸಾಹಾರಿ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತು ಇಲ್ಲದಿದ್ದರೆ ಅದರ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಅನ್ನದಲ್ಲಿ ಟಾರಿನ್ ಇಲ್ಲ. ಮೀನು ಬೇಯಿಸದ ಮನೆಯವರು ಬೆಕ್ಕಿಗೆಂದೇ ತಯಾರಿಸಿದ ಆಹಾರದ ಪೊಟ್ಟಣವನ್ನು ಪೇಟೆಯಿಂದ ತರಬಹುದು. ಉಳಿದವರು ಬೂತಾಯಿಯಂಥ ಮೀನನ್ನು ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದು ಕೊಡಬಹುದು. ಹಸಿ ಮೀನನ್ನೇ ದಿನವೂ ಕೊಡುವುದು ಒಳ್ಳೆಯದಲ್ಲ; ಕೆಲವು ಜಾತಿಯ ಹಸಿ ಮೀನು ದೇಹದ 'ಬಿ 1' ಜೀವಸತ್ವವನ್ನು ನಾಶಮಾಡುತ್ತದೆ. ಉಪ್ಪು ಹಾಕಿದ ಒಣಮೀನು ಬೇಡ. ಹಾಲು ಹಲವು ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿ ಉಂಟುಮಾಡುತ್ತದೆ.

ಕೊಡುವ ರೀತಿಯೂ ಮುಖ್ಯ. ಬೆಕ್ಕು ರುಚಿಗಿಂತ ವಾಸನೆಯಿಂದ ಆಹಾರವನ್ನು ಮೆಚ್ಚುತ್ತದೆ. ತಣ್ಣಗಿನದನ್ನು ಸ್ವಲ್ಪ ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಒಮ್ಮೆಲೇ ಬಡಿಸದೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಎಳೆಯ ಬೆಕ್ಕುಗಳು ಕಸಿದುಕೊಳ್ಳದಂತೆ ತಟ್ಟೆ ಬೇರೆಯಿಡಬೇಕು. ಅದು ಹಾರಬೇಕಾಗದಂತೆ ನೆಲದಲ್ಲಿಯೇ ಇಡಬೇಕು. ಎರಡು ಮೂರು ಕಡೆ ಶುದ್ಧ ನೀರಿರಲಿ.

ಕೆಲವು ಎಚ್ಚರಿಕೆಗಳನ್ನು ಹೆತ್ತವರೂ ಗಮನಿಸಬೇಕು. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ನೀರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರು ಕೊಡಬಾರದು. ಬೆಕ್ಕು ಇಡೀ ಒಂದು ದಿನ ಏನನ್ನೂ ತಿನ್ನದಿದ್ದರೆ ಕಾಯಬಾರದು. ಉಪವಾಸ ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗುತ್ತದೆ. ಮಕ್ಕಳು ಬೆಕ್ಕಿನ ಬಾಯಿ ತೆರೆದು ನೋಡಲು ಹೋಗಬಾರದು. ಜೊಲ್ಲು ಸುರಿಸುವ, ನುಂಗಲಾರದ ಬೆಕ್ಕಿಗೆ ಹುಚ್ಚುನಾಯಿ ರೋಗವೂ ಇರಬಹುದು. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ದನಕ್ಕೆ ಸೀಕಾದರೆ ಮೃಗಾಸ್ಪತ್ರೆಗೆ ಓಡುವ ನಾವು ಬೆಕ್ಕನ್ನು ಒಯ್ಯಲು ನಾಚುತ್ತೇವೆ. ಹಾಲು ಕೊಡದ, ಬೆಲೆಯಿಲ್ಲದ ಪ್ರಾಣಿಗೆ ಇಷ್ಟೆಲ್ಲ ಏಕೆ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಪಶುವೈದ್ಯರು ಬೆಕ್ಕನ್ನೂ ಪರೀಕ್ಷಿಸುತ್ತಾರೆ. ನೀವು ಬರೆದಿಟ್ಟ ಪುಸ್ತಕವನ್ನು ಅವರ ಮುಂದಿಟ್ಟರೆ ಅರ್ಧ ಕೆಲಸ ಮುಗಿದಂತೆ. ರಕ್ತಪರೀಕ್ಷೆ ಬೇಕೇ, ಎಲ್ಲಿ ಮಾಡಿಸಬೇಕು ಎಂಬುದನ್ನು ಅವರೇ ತಿಳಿಸುತ್ತಾರೆ.

ಎಲ್ಲ ರೋಗಗಳೂ ಗುಣವಾಗುವುದಿಲ್ಲ. ಕೆಟ್ಟ ಮೂತ್ರಪಿಂಡ ಮೊದಲಿನಂತಾಗದು. ಆದರೆ ತಕ್ಕ ಆಹಾರ, ನೀರು, ಔಷಧಗಳಿಂದ ಬೆಕ್ಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಖವಾಗಿರಬಹುದು. ಅದೂ ಸಾಧ್ಯವಾಗದಾಗ ನೋವು ಕಡಿಮೆ ಮಾಡುವ ದಾರಿಯನ್ನಾದರೂ ವೈದ್ಯರಲ್ಲಿ ಕೇಳಬಹುದು. ದುಡಿಯುವ ಶಕ್ತಿ ಇಲ್ಲದವರನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆಂಬುದನ್ನು ಮಕ್ಕಳು ಸುಮ್ಮನೆ ಗಮನಿಸುತ್ತಿರುತ್ತಾರೆ. ಆದುದರಿಂದ "ಪ್ರಾಯವಾಯಿತು" ಎನ್ನುವ ಮೊದಲು ಬೆಕ್ಕನ್ನು ಒಮ್ಮೆ ತೂಗಿ ನೋಡೋಣ.