ತಪ್ಪಿದ ತಾರೀಖು: ಗಡಿನಾಡಿನ ವಕೀಲಿಕೆಯಲ್ಲಿ ಒತ್ತಡ, ತಪ್ಪು ಮತ್ತು ಒಪ್ಪಿಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ)

ಧ್ವನಿ ಎಲ್ಲರಿಗೂ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಕನ್ನಡ ಎಂ.ಎ. ವಿದ್ಯಾರ್ಥಿ ಕೋರ್ಟಿನ ವಿಷಯ ಯಾಕೆ ಎತ್ತಿಕೊಂಡ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಊರು ವಲಾಂಡಿ, ನನ್ನ ಸೋದರಮಾವ ವಕೀಲರು. ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

1. ಹಿನ್ನೆಲೆ

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಹೀಗಾಗಿ ಇಲ್ಲಿನ ಒಂದು ಹೊಲದ ದಾವೆಯಲ್ಲಿ ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ, ಇವತ್ತಿನ ಉತಾರ ಮರಾಠಿಯಲ್ಲಿ, ಕಕ್ಷಿದಾರರ ಅಳಲು ಕನ್ನಡದಲ್ಲಿ ಇರುತ್ತದೆ. ಮೂರನ್ನೂ ಹೊಂದಿಸುವ ಹೊರೆ ವಕೀಲನ ತಲೆ ಮೇಲೆ. ಜೊತೆಗೆ ಒಂದೇ ದಿನ ಎರಡು ಕೋರ್ಟುಗಳಲ್ಲಿ ಕೂಗು. ತಪ್ಪು ನುಸುಳುವುದು ಇಂಥ ಸಂದಿಯಲ್ಲೇ.

2. ಒಂದು ತಪ್ಪು

ಮಾವನವರು ಡೈರಿಯನ್ನು ಇವತ್ತಿಗೂ ಕನ್ನಡ ಅಂಕಿಗಳಲ್ಲೇ ಬರೀತಾರೆ. ಒಮ್ಮೆ ೧೬ ಅಂತ ಬರೆದದ್ದನ್ನು ಅವಸರದಲ್ಲಿ ೧೯ ಅಂತ ಓದಿಕೊಂಡರು. ಹದಿನಾರರಂದು ಎದುರು ಪಕ್ಷ ಹಾಜರಿತ್ತು, ನಮ್ಮ ಕಡೆ ಯಾರೂ ಇರಲಿಲ್ಲ. ಒಬ್ಬ ಮುದುಕಿಯ ಹೊಲದ ದಾವೆ ವಜಾ ಆಯಿತು. ಎರಡು ರಾತ್ರಿ ಮಾವ ನಿದ್ದೆ ಮಾಡಲಿಲ್ಲ, ಊಟಕ್ಕೆ ಕೂತರೂ ತುತ್ತು ಇಳಿಯಲಿಲ್ಲ. "ಕಾರಕೂನ ತಾರೀಖ್ ತಪ್ಪು ಹೇಳ್ಯಾನ ಅಂದ್ರ ಮುಗೀತು" ಅಂತ ಜೊತೆಯವರೊಬ್ಬರು ದಾರಿ ತೋರಿಸಿದರು. ಸುಲಭದ ದಾರಿ, ಆದರೆ ಕಾರಕೂನನ ಹೊಟ್ಟೆ ಮೇಲೆ ಹೊಡೆಯುವ ದಾರಿ.

ಮೂರನೆಯ ದಿನ ಆ ಅವ್ವನನ್ನು ಕರೆಸಿದರು. ನಾನು ಅಲ್ಲೇ ಇದ್ದೆ.

"ಅವ್ವಾ, ತಾರೀಖ್ ತಪ್ಪ್ಯಾದ. ತಪ್ಪು ನಂದೇ ಅದ. ಹೊಲ ಹೋಗಿಲ್ಲ, ಮೂವತ್ತು ದಿನದಾಗ ಅರ್ಜಿ ಹಾಕ್ಲಾಕ ಬರ್ತದ. ಖರ್ಚ್ ನಾ ಕೊಡ್ತೀನಿ. ಬ್ಯಾರೆ ವಕೀಲರಿಗಿ ಕೊಡಬೇಕಂದ್ರೂ ಕಾಗದ ಕೊಡ್ತೀನಿ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಹೇಳಿದ್ರಿ ಅಂತ ತಿಳೀತು, ಸಾಹೇಬ್ರ. ಇಲ್ಲಾಂದ್ರ ನಾ ಮತ್ತ ಬಂದು ಕೋರ್ಟಿನ ಗಿಡದ ಕೆಳಗ ಕುಂತಿರ್ತಿದ್ದೆ."

ದಾವೆ ಮತ್ತೆ ದಾಖಲಾಯಿತು, ಎದುರು ಪಕ್ಷಕ್ಕೆ ಖರ್ಚು ಕೊಡಬೇಕಾಯಿತು.

3. ಕಾನೂನು ಏನನ್ನುತ್ತದೆ

ಇದು ಮಾವನ ಅದೃಷ್ಟ ಮಾತ್ರ ಅಲ್ಲ. ವಾದಿ ಗೈರುಹಾಜರಾಗಿ ದಾವೆ ವಜಾ ಆದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 9ನೆಯ ನಿಯಮದಂತೆ ಸಾಕಷ್ಟು ಕಾರಣ ತೋರಿಸಿ ಮರುಸ್ಥಾಪನೆ ಕೇಳಬಹುದು. ಅವಧಿ 30 ದಿನ. ಅದೂ ಮೀರಿದರೆ 1963ರ ಕಾಲಮಿತಿ ಕಾಯ್ದೆಯ 5ನೆಯ ಕಲಮಿನಡಿ ವಿಳಂಬ ಮನ್ನಿಸಲು ಕೋರಬಹುದು. ರಫೀಕ್ ವಿರುದ್ಧ ಮುನ್ಷಿಲಾಲ್ (1981) ಪ್ರಕರಣದಲ್ಲಿ, ವಕೀಲನ ಗೈರುಹಾಜರಿಗೆ ನಿರಪರಾಧಿ ಕಕ್ಷಿದಾರ ಶಿಕ್ಷೆ ಅನುಭವಿಸಬಾರದು ಎಂಬ ನಿಲುವನ್ನು ಸುಪ್ರೀಂ ಕೋರ್ಟು ತಳೆಯಿತು. ಪ್ರತಿ ಸಲವೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ಒಂದು ಮಾತು ಸ್ಪಷ್ಟ: ಬೇಗ ಒಪ್ಪಿದ ತಪ್ಪಿಗೆ ಮದ್ದು ಹೆಚ್ಚು, ಮುಚ್ಚಿಟ್ಟ ತಪ್ಪಿಗೆ ದಿನ ಕಳೆದ ಹಾಗೆ ಬಾಗಿಲು ಮುಚ್ಚುತ್ತಾ ಹೋಗುತ್ತದೆ.

4. ಎರಡು ಹಳೆಯ ಉದಾಹರಣೆ

1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಗಾಂಧೀಜಿ, ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಕೇಸಿಗೆ ಪಾಟೀಸವಾಲಿಗೆ ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು. ಕೇಸನ್ನು ಬೇರೆಯವರಿಗೆ ವಹಿಸಿದರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ, ತಮ್ಮ ಕಕ್ಷಿದಾರರ ಪರವಾಗಿದ್ದ ಪಂಚಾಯ್ತಿ ತೀರ್ಪಿನ ಲೆಕ್ಕದಲ್ಲಿ ತಪ್ಪು ಕಂಡುಬಂತು. ಒಪ್ಪಬಾರದೆಂದು ಹಿರಿಯ ವಕೀಲರು ಹೇಳಿದರೂ, ಕಕ್ಷಿದಾರರ ಸಮ್ಮತಿ ಪಡೆದು ಇವರೇ ಕೋರ್ಟಿನಲ್ಲಿ ಒಪ್ಪಿದರು. ಕೋರ್ಟು ಲೆಕ್ಕ ತಿದ್ದಿ ತೀರ್ಪನ್ನು ಉಳಿಸಿತು. ಮೊದಲ ದಿನ ಬಾಯಿ ಬಾರದವನು ಕೆಟ್ಟ ವಕೀಲನೇ ಆಗಬೇಕಿಲ್ಲ.

ಇನ್ನೊಬ್ಬರು ನಮ್ಮವರೇ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ (1880–1964) ತಾಡೋಲೆಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರ ಸಾರ' ಪ್ರಕಟಿಸಿದರು. ಕಟಕಟೆಯ ಭಾಷೆ ಬಲ್ಲವರೊಬ್ಬರು, ಮನುಷ್ಯ ತನ್ನ ಮೇಲೆ ತಾನೇ ಫಿರ್ಯಾದಿ ಹೂಡುವ ಸಾಹಿತ್ಯವನ್ನು ನಮಗೆ ಉಳಿಸಿಕೊಟ್ಟರು ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ.

5. ವಚನದಿಂದ ಕಲಿಯಬಹುದಾದದ್ದು

ವಚನಗಳ ಆತ್ಮವಿಮರ್ಶೆಯಲ್ಲಿ ಎರಡು ಗುಣ ಇವೆ. ತಪ್ಪನ್ನು ಯಾರಿಗೋ ಹೇಳಲಾಗುತ್ತದೆ, ಅಂದರೆ ಸಂಬೋಧನೆ ಇದೆ. ಆಮೇಲೆ ಅಂಕಿತ ಬಿದ್ದು ಮಾತು ಮುಗಿಯುತ್ತದೆ. ನಿದ್ದೆಗೆಟ್ಟ ವಕೀಲನ ಕೊರಗಿಗೆ ಈ ಎರಡೂ ಇಲ್ಲ. ಅದು ಯಾರಿಗೂ ಹೇಳದ, ಮುಗಿಯದ ವಚನ. ಮಾವ ತಪ್ಪನ್ನು ಮೂವರಿಗೆ ಹೇಳಿದರು: ಕಕ್ಷಿದಾರಳಿಗೆ, ಅರ್ಜಿಯ ಮೂಲಕ ಕೋರ್ಟಿಗೆ, ಗುಟ್ಟು ಕಾಯುವ ಒಬ್ಬ ಹಿರಿಯ ವಕೀಲರಿಗೆ. ಅಂಕಿತ ಅಂದರೆ ಮುಂದಿನ ಕ್ರಮ: ಈಗ ಅವರು ತಾರೀಖನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೀತಾರೆ, ದಿನಾ ಸಂಜೆ ಕಾರಕೂನನ ಜೊತೆ ಡೈರಿ ತಾಳೆ ನೋಡ್ತಾರೆ.

ಕೊರಗು ಇಷ್ಟಕ್ಕೂ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ, ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕು.

ಆ ಅವ್ವನ ದಾವೆ ಇನ್ನೂ ನಡೀತಾ ಇದೆ. ವಕೀಲರನ್ನು ಆಕೆ ಬದಲಾಯಿಸಿಲ್ಲ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.