ಬೆಳಗಿನ ತಟ್ಟೆಯಲ್ಲಿ ಎಷ್ಟು ಕ್ಯಾಲೊರಿ?

ಮಳೆಗಾಲದ ಮುಂಜಾನೆ ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪಿನ ಹೊಲಗಳು ಬಹು ಬೇಗ ಎಚ್ಚರಗೊಳ್ಳುತ್ತವೆ. ರೈತನು ಬಗ್ಗಿ ಬಗ್ಗಿ ಎಲೆ ಮುರಿಯುತ್ತಾನೆ, ಹೊರೆ ಕಟ್ಟಿ ಬ್ಯಾರನ್ನಿಗೆ ಹೊರುತ್ತಾನೆ. ಅದೇ ಹೊತ್ತಿಗೆ ಪೇಟೆಯಲ್ಲಿ ಅಂಗಡಿಯೊಡತಿಯು ಬಾಗಿಲು ತೆರೆದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುತ್ತಾಳೆ. ಬೆಟ್ಟದಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ಕಾಲೇಜಿನ ವಿದ್ಯಾರ್ಥಿನಿಯು ಪುಸ್ತಕಗಳನ್ನು ಎದೆಗವಚಿಕೊಂಡು ನಿಂತಿರುತ್ತಾಳೆ. ಈ ಮೂವರಿಗೂ ಒಂದೇ ಅಳತೆಯ ತಿಂಡಿ ಸಾಕೆ?

ಮೈತೂಕದ ಮೇಲೆ ಕಣ್ಣಿಟ್ಟು ಕ್ಯಾಲೊರಿಯ ಲೆಕ್ಕ ಹಿಡಿಯುವವರು ಈಗ ಹಳ್ಳಿಗಳಲ್ಲಿಯೂ ಉಂಟು. ಬೆಳಗಿನ ತಿಂಡಿ ಮುನ್ನೂರು ಕ್ಯಾಲೊರಿಯನ್ನು ಮೀರಬಾರದೆಂದು ಒಬ್ಬರೆಂದರೆ, ಹೊಟ್ಟೆ ತುಂಬ ತಿನ್ನಬೇಕೆಂದು ಮತ್ತೊಬ್ಬರು, ತಿಂಡಿಯನ್ನೇ ಬಿಟ್ಟುಬಿಡಬೇಕೆಂದು ಇನ್ನೊಬ್ಬರು. ಇವರಲ್ಲಿ ಯಾರ ಮಾತನ್ನು ನಂಬಬೇಕೆಂಬುದನ್ನು ತಿಳಿಯಲು ಮೊದಲು ಕ್ಯಾಲೊರಿ ಎಂದರೇನೆಂಬುದನ್ನು ನೋಡೋಣ.

ಶಾಖದ ಅಳತೆ

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರಶಾಸ್ತ್ರದ ಒಂದು ಕ್ಯಾಲೊರಿ. ಭೌತವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಕಿಲೋಕ್ಯಾಲೊರಿ ಎಂಬ ಹೆಸರಿದೆ. ೧೦೦ ಗ್ರಾಂ ರಾಗಿಯಿಂದ ನಮ್ಮ ದೇಹಕ್ಕೆ ಸುಮಾರು ೩೨೦ ಕ್ಯಾಲೊರಿ ದೊರೆಯುತ್ತದೆ. ಇಷ್ಟು ಶಾಖವು ೨೦ ಡಿಗ್ರಿಯಲ್ಲಿರುವ ನಾಲ್ಕು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಒಂದು ಹಿಡಿ ಹಿಟ್ಟಿನಲ್ಲಿ ಅಡಗಿರುವ ಶಕ್ತಿ ಇಷ್ಟು ದೊಡ್ಡದು!

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿಯು ಮನುಷ್ಯನೊಬ್ಬನು ದಿನಗಟ್ಟಲೆ ವಾಸಿಸಬಹುದಾದ ಪುಟ್ಟ ಕೊಠಡಿಯೊಂದನ್ನು ನಿರ್ಮಿಸಿ, ಅವನು ತಿಂದ ಆಹಾರವನ್ನೂ ಅವನ ದೇಹವು ಹೊರಗೆಡಹಿದ ಶಾಖವನ್ನೂ ಅಳೆದನು. ಒಂದು ಗ್ರಾಂ ಪಿಷ್ಟದಿಂದ ೪, ಒಂದು ಗ್ರಾಂ ಪ್ರೋಟೀನಿನಿಂದ ೪, ಒಂದು ಗ್ರಾಂ ಕೊಬ್ಬಿನಿಂದ ೯ ಕ್ಯಾಲೊರಿ ದೊರೆಯುತ್ತದೆಂಬ ಸೂತ್ರವು ಅವನ ಕೆಲಸದಿಂದ ಬಂದದ್ದು. ನಮ್ಮ ದೇಶದ ಆಹಾರಗಳ ಪೌಷ್ಟಿಕ ಮೌಲ್ಯವನ್ನು ಕೂನೂರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಐಕ್ರಾಯ್ಡ್ ಎಂಬವರು ೧೯೩೭ರಲ್ಲಿ ಪಟ್ಟಿಮಾಡಿ ಪ್ರಕಟಿಸಿದರು. ಆ ಪ್ರಯೋಗಾಲಯವು ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಅದೇ.

ಮೊದಲು ದಿನದ ಲೆಕ್ಕ

ಬೆಳಗಿನ ತಿಂಡಿಗೆಂದು ಪ್ರತ್ಯೇಕವಾದ ಒಂದು ಸಂಖ್ಯೆಯನ್ನು ದೇಹವು ಗೊತ್ತುಮಾಡಿಕೊಂಡಿಲ್ಲ. ಮೊದಲು ತಿಳಿಯಬೇಕಾದುದು ಇಡೀ ದಿನದ ಅಗತ್ಯ. ಆ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿದ ಅಳತೆಯಂತೆ, ೬೫ ಕಿಲೋ ತೂಕದ ಗಂಡಸು ಕಠಿಣ ದುಡಿಮೆ ಮಾಡುವವನಾದರೆ ಅವನಿಗೆ ದಿನಕ್ಕೆ ೩,೪೭೦ ಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವ ೫೫ ಕಿಲೋ ತೂಕದ ಹೆಂಗಸಿಗೆ ೧,೬೬೦ ಸಾಕು. ೧೬ರಿಂದ ೧೮ ವರ್ಷದ ಹುಡುಗಿಗೆ ೨,೫೦೦, ಅದೇ ವಯಸ್ಸಿನ ಹುಡುಗನಿಗೆ ೩,೩೨೦ ಬೇಕಾಗುತ್ತದೆ.

ದಿನದ ಆಹಾರದ ನಾಲ್ಕನೆಯ ಒಂದು ಭಾಗವನ್ನು ಬೆಳಿಗ್ಗೆಗೆ ಮೀಸಲಿಡುವುದು ಅನುಕೂಲವಾದ ಕ್ರಮ. ಹೀಗೆ ಭಾಗಿಸಿದರೆ ಹೊಲದ ರೈತನಿಗೆ ಸುಮಾರು ೮೭೦, ವಿದ್ಯಾರ್ಥಿನಿಗೆ ಸುಮಾರು ೬೨೫, ಅಂಗಡಿಯೊಡತಿಗೆ ಸುಮಾರು ೪೧೫ ಕ್ಯಾಲೊರಿಯ ತಿಂಡಿ ಬೇಕಾಯಿತು. ಮೈತೂಕ ಹೆಚ್ಚಿರುವ ಅಂಗಡಿಯೊಡತಿಯು ದಿನಕ್ಕೆ ೩೦೦ ಕ್ಯಾಲೊರಿ ಕಡಮೆ ಮಾಡಲು ನಿಶ್ಚಯಿಸಿದರೆ ಅವಳ ತಿಂಡಿಯ ಪಾಲು ೩೪೦ಕ್ಕೆ ಇಳಿಯುತ್ತದೆ. ಆದುದರಿಂದ ಮುನ್ನೂರು ಚಿಲ್ಲರೆಯ ಸೂತ್ರವು ಅವಳಿಗೆ ಒಪ್ಪುತ್ತದೆ. ಅದನ್ನೇ ವಿದ್ಯಾರ್ಥಿನಿಯು ಅನುಸರಿಸಿದರೆ ಅವಳ ಪಾಲಿಗೆ ಬರುವುದು ಅರೆಹೊಟ್ಟೆಯೇ.

ನೀರಿಗೆ ಕ್ಯಾಲೊರಿಯಿಲ್ಲ

ತಟ್ಟೆಯಲ್ಲಿರುವುದನ್ನು ಅಳೆಯುವುದು ಹೇಗೆ? ಬೆಂದ ಮುದ್ದೆಯನ್ನು ತೂಗಿದರೆ ಮೋಸಹೋಗುತ್ತೇವೆ. ಅದರ ತೂಕದಲ್ಲಿ ಹೆಚ್ಚಿನದು ನೀರು. ಒಲೆಯ ಮೇಲಿಡುವ ಮೊದಲು ಹಿಟ್ಟು, ರವೆ, ಬೇಳೆಗಳನ್ನು ತೂಗಬೇಕು. ಧಾನ್ಯವಾಗಲಿ ಬೇಳೆಯಾಗಲಿ, ೧೦೦ ಗ್ರಾಮಿಗೆ ೩೦೦ರಿಂದ ೩೬೦ ಕ್ಯಾಲೊರಿ ಎಂದು ನೆನಪಿಟ್ಟರೆ ಮನೆಯ ಲೆಕ್ಕಕ್ಕೆ ಸಾಕು. ೬೦ ಗ್ರಾಂ ಅಕ್ಕಿ, ೨೦ ಗ್ರಾಂ ಉದ್ದಿನಬೇಳೆಯಿಂದಾದ ಇಡ್ಲಿಗಳಲ್ಲಿ ಸುಮಾರು ೨೮೦ ಕ್ಯಾಲೊರಿ ಇರುತ್ತದೆ.

ಲೆಕ್ಕವನ್ನು ಕೆಡಿಸುವುದು ಎಣ್ಣೆ. ಒಂದು ಟೀ ಚಮಚ ಎಣ್ಣೆಯಲ್ಲಿ ೪೦ ಕ್ಯಾಲೊರಿ ಉಂಟು. ೬೦ ಗ್ರಾಂ ರವೆಯ ಉಪ್ಪಿಟ್ಟಿಗೆ ಎರಡು ಚಮಚ ಎಣ್ಣೆ ಹಾಕಿದರೆ ೨೮೦ ಕ್ಯಾಲೊರಿ. ಕೈ ಧಾರಾಳವಾಗಿ ಐದು ಚಮಚ ಬಿದ್ದರೆ ೪೦೦. ತಟ್ಟೆಯಲ್ಲಿ ಉಪ್ಪಿಟ್ಟಿನ ಗಾತ್ರ ಮಾತ್ರ ಅಷ್ಟೇ ಇರುತ್ತದೆ! ಮೈತೂಕ ಇಳಿಸಬೇಕೆನ್ನುವವರು ಇಡ್ಲಿಯ ಸಂಖ್ಯೆಗಿಂತ ಒಗ್ಗರಣೆಯ ಚಮಚವನ್ನು ಎಣಿಸುವುದು ಮೇಲು.

ವಿದ್ಯಾರ್ಥಿನಿಯ ತಟ್ಟೆಯನ್ನು ಹೀಗೆ ಜೋಡಿಸಬಹುದು: ೮೦ ಗ್ರಾಂ ಹಿಟ್ಟಿನ ರಾಗಿರೊಟ್ಟಿ ೨೫೫ ಕ್ಯಾಲೊರಿ, ೩೦ ಗ್ರಾಂ ಹೆಸರುಕಾಳಿನ ಪಲ್ಯ ೯೫, ಎರಡು ಚಮಚ ಎಣ್ಣೆ ೮೦, ಒಂದು ಲೋಟ ಹಾಲು ೧೪೦, ಒಂದು ಬಾಳೆಹಣ್ಣು ೯೦, ಒಟ್ಟು ೬೬೦. ಅಂಗಡಿಯೊಡತಿಯು ೬೦ ಗ್ರಾಂ ಹಿಟ್ಟಿನ ರೊಟ್ಟಿ, ಅದೇ ಪಲ್ಯ, ಒಂದೇ ಚಮಚ ಎಣ್ಣೆಗೆ ನಿಲ್ಲಿಸಿದರೆ ೩೨೫ರ ಸುಮಾರಿಗೆ ಮುಗಿಯುತ್ತದೆ. ಅಡಿಗೆ ಒಂದೇ, ಅಳತೆ ಮಾತ್ರ ಬೇರೆ.

ಬಿಟ್ಟರೆ ತೂಕ ಇಳಿಯುವುದೆ?

ತಿಂಡಿ ಬಿಟ್ಟವರು ಮಧ್ಯಾಹ್ನ ಎರಡರಷ್ಟು ತಿಂದು ದಪ್ಪವಾಗುತ್ತಾರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಪರೀಕ್ಷೆಗಳು ಇದನ್ನು ಪೂರ್ತಿಯಾಗಿ ಸಮರ್ಥಿಸಲಿಲ್ಲ. ೨೦೧೯ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ೧೩ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಿಂಡಿ ತಿಂದವರು ಬಿಟ್ಟವರಿಗಿಂತ ದಿನಕ್ಕೆ ಸುಮಾರು ೨೬೦ ಕ್ಯಾಲೊರಿ ಹೆಚ್ಚು ಸೇವಿಸಿದ್ದುದು ಕಂಡುಬಂದಿತು. ತೂಕದ ಅಂತರ ಮಾತ್ರ ಅರ್ಧ ಕಿಲೋವೂ ಇರಲಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಆರು ವಾರಗಳ ಪ್ರಯೋಗದಲ್ಲಿ, ಬೆಳಿಗ್ಗೆ ೭೦೦ ಕ್ಯಾಲೊರಿ ತಿಂದವರಿಗೂ ಮಧ್ಯಾಹ್ನದವರೆಗೆ ಉಪವಾಸವಿದ್ದವರಿಗೂ ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ತಿಂಡಿ ತಿಂದವರು ಬೆಳಗಿನ ಹೊತ್ತು ಹೆಚ್ಚು ಚಟುವಟಿಕೆಯಿಂದ ಓಡಾಡಿದರು. ಉಪವಾಸವಿದ್ದವರ ದೇಹವು ಚಲನೆಯಲ್ಲಿ ಜಿಪುಣತನ ತೋರಿಸಿತು.

ಈ ಪ್ರಯೋಗಗಳಿಂದ ವಿದ್ಯಾರ್ಥಿಗಳು ತಪ್ಪು ಪಾಠ ಕಲಿಯಬಾರದು. ಅವುಗಳಲ್ಲಿ ಭಾಗವಹಿಸಿದವರು ಬೆಳವಣಿಗೆ ಮುಗಿದ ವಯಸ್ಕರು, ಹೆಚ್ಚಾಗಿ ಪಾಶ್ಚಾತ್ಯ ದೇಶಗಳವರು, ಅವಧಿಯೂ ಅಲ್ಪ. ಹದಿನಾರರ ವಯಸ್ಸಿನಲ್ಲಿ ಮೂಳೆ ಇನ್ನೂ ಬಲಿಯುತ್ತಿರುತ್ತದೆ, ರಕ್ತ ಮಾಂಸಗಳು ಹೆಚ್ಚುತ್ತಿರುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗದಷ್ಟಿರುವ ಮಿದುಳು, ವಿಶ್ರಾಂತಿಯ ಹೊತ್ತಿನಲ್ಲಿ ಖರ್ಚಾಗುವ ಶಕ್ತಿಯ ನೂರಕ್ಕೆ ಇಪ್ಪತ್ತು ಭಾಗವನ್ನು ತಾನೇ ಬಳಸುತ್ತದೆ. ರಾತ್ರಿಯ ಊಟದಿಂದ ಮರುದಿನ ಮಧ್ಯಾಹ್ನದ ಊಟಕ್ಕೆ ಹದಿನಾರು ಗಂಟೆಗಳ ಅಂತರವಾದರೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಬಹುಮಟ್ಟಿಗೆ ಕರಗಿರುತ್ತದೆ. ಹಸಿದ ಮಗುವಿಗೆ ಪಾಠ ಹತ್ತುವುದು ಕಷ್ಟ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ೨೦೧೩ರಲ್ಲಿ ಹಾಲು ಕೊಡುವ ಯೋಜನೆಯೂ ೨೦೨೪ರಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆಯೂ ಆರಂಭವಾದುದು ಅರ್ಥವತ್ತಾಗಿದೆ.

ಕ್ಯಾಲೊರಿ ಹೇಳದ ಮಾತು

ಇನ್ನೊಂದು ಸಂಗತಿಯನ್ನು ಮರೆಯಬಾರದು. ೧೦೦ ಗ್ರಾಂ ಅಕ್ಕಿಯಲ್ಲಿ ಸುಮಾರು ೩೫೬ ಕ್ಯಾಲೊರಿ, ರಾಗಿಯಲ್ಲಿ ೩೨೦; ಶಾಖದ ದೃಷ್ಟಿಯಿಂದ ಅಷ್ಟೇನೂ ಅಂತರವಿಲ್ಲ. ಆದರೆ ರಾಗಿಯಲ್ಲಿ ಸುಮಾರು ೩೬೪ ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ೧೦ ಮಿಲಿಗ್ರಾಮೂ ಇಲ್ಲ. ನಾರಿನ ಅಂಶ ರಾಗಿಯಲ್ಲಿ ೧೧ ಗ್ರಾಂ, ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಮೆ. ಕ್ಯಾಲೊರಿಯೊಂದನ್ನೇ ಎಣಿಸುವವನು ಎಲುಬಿಗೆ ಬೇಕಾದುದನ್ನು ಎಣಿಸುವುದೇ ಇಲ್ಲ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವನ್ನು ತಯಾರಿಸಿದುದು ಬರಿಯ ಹೊಟ್ಟೆ ತುಂಬಿಸುವುದಕ್ಕಲ್ಲ. ಧಾನ್ಯವನ್ನೇ ನಂಬಿದ ಬಡವರ ಊಟಕ್ಕೆ ಪ್ರೋಟೀನನ್ನು ಕೂಡಿಸುವುದಕ್ಕೆ. ರೊಟ್ಟಿಯ ಪಕ್ಕದಲ್ಲಿ ಕಾಳಿನ ಪಲ್ಯವಿಡುವ ನಮ್ಮ ಮನೆಗಳ ಪದ್ಧತಿಯೂ ಇದೇ ಕೆಲಸವನ್ನು ಮಾಡುತ್ತದೆ.

ಬೆಳೆಯುವ ವಯಸ್ಸಿನವರು ಕನ್ನಡಿಯ ಮಾತು ಕೇಳಿ ತಿಂಡಿಗೆ ಕತ್ತರಿ ಹಾಕಬಾರದು. ತೂಕ ನಿಜವಾಗಿಯೂ ಹೆಚ್ಚಿದೆಯೆ ಎಂಬುದನ್ನು ವೈದ್ಯರು ಎತ್ತರ, ವಯಸ್ಸು, ತೂಕಗಳನ್ನು ಹೋಲಿಸಿ ಹೇಳಬೇಕು. ಹೆಚ್ಚಿದೆಯೆಂದು ತಿಳಿದಾಗಲೂ ಮೊದಲು ಬಿಡಬೇಕಾದುದು ಕರಿದ ತಿಂಡಿ, ಸಿಹಿ ಪಾನೀಯ, ಮತ್ತೆ ಮತ್ತೆ ಕುಡಿಯುವ ಕಾಫಿಯ ಸಕ್ಕರೆ. ರೊಟ್ಟಿಯೂ ಕಾಳೂ ಹಾಲೂ ಅಲ್ಲ. ನಾಳೆ ಬೆಳಿಗ್ಗೆ ಅಡಿಗೆಮನೆಯಲ್ಲಿ ಹಿಟ್ಟನ್ನು ಒಮ್ಮೆ ತೂಗಿ, ಎಣ್ಣೆಯನ್ನು ಚಮಚದಲ್ಲಿ ಅಳೆದು ನೋಡಿ. ನಿಮ್ಮ ತಟ್ಟೆ ನಿಮ್ಮ ದಿನದ ದುಡಿಮೆಗೆ ಸರಿಹೊಂದುವುದೋ ಇಲ್ಲವೋ ಎಂಬುದು ಐದೇ ನಿಮಿಷಗಳಲ್ಲಿ ತಿಳಿದುಬರುತ್ತದೆ.